ವಿದ್ಯುತ್ ಗುತ್ತಿಗೆದಾರರನ್ನು ಗೊತ್ತುಮಾಡುವ ಮೊದಲು: ಸಾಮರ್ಥ್ಯ ಪರಿಶೀಲನೆಯ ಸಮಗ್ರ ಮಾರ್ಗದರ್ಶಿ

ತಪ್ಪಾಗಿ ಮಾಡಿದ ವೈರಿಂಗ್ ಮೊದಲ ದಿನ ಸರಿಯಾದ ವೈರಿಂಗಿನ ಹಾಗೆಯೇ ಕೆಲಸ ಮಾಡುತ್ತದೆ. ಅರ್ಥಿಂಗ್ ತಂತಿ ಗೋಡೆಯೊಳಗೆ ಎಲ್ಲೋ ತುಂಡಾಗಿದ್ದರೂ ಫ್ರಿಜ್ ಓಡುತ್ತದೆ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ತಂತಿಯಲ್ಲಿ ಕೂರಿಸಿದ್ದರೂ ಒತ್ತಿದಾಗ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ವಿದ್ಯುತ್ ಹಾಗೆಯೇ ಉಳಿದಿರುತ್ತದೆ. ಸರಿಯಾಗಿ ಬಿಗಿಯದ ಸ್ಕ್ರೂ ತಿಂಗಳುಗಟ್ಟಲೆ ಬಿಸಿಯಾಗುತ್ತ ತಂತಿಯ ಹೊದಿಕೆಯನ್ನು ಕರಕಲು ಮಾಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಕೆಲಸ ಮುಗಿದ ಮೇಲೆ ಸ್ವಿಚ್ ಒತ್ತಿ ನೋಡಿ ಗುತ್ತಿಗೆದಾರರ ಯೋಗ್ಯತೆಯನ್ನು ತೀರ್ಮಾನಿಸಲು ಸಾಧ್ಯವಿಲ್ಲ. ಆ ತೀರ್ಮಾನ ಕೆಲಸ ಒಪ್ಪಿಸುವ ಮೊದಲೇ ಆಗಬೇಕು.

ಪರವಾನಗಿ, ಅನುಭವ, ಹಳೆಯ ಗ್ರಾಹಕರ ಮಾತು ಎಲ್ಲವೂ ಪರಿಶೀಲನೆಯ ಭಾಗವೇ ಹೌದು. ಆದರೆ ಮುಂದಿನ ಎಲ್ಲ ಹಂತಗಳಲ್ಲೂ ಒಂದು ಪ್ರಶ್ನೆಗೆ ಉಳಿದವುಗಳಿಗಿಂತ ಹೆಚ್ಚು ತೂಕ ಕೊಟ್ಟಿದ್ದೇನೆ: ತಾವು ಮಾಡಿದ ಕೆಲಸ ಸುರಕ್ಷಿತವೆಂದು ಇವರು ಅಳತೆ ಮಾಡಿ ತೋರಿಸಬಲ್ಲರೇ?

ಮೊದಲನೆಯ ಹಂತ: ನಿಮ್ಮ ಕೆಲಸ ಯಾವ ಬಗೆಯದು ಎಂದು ಬರೆದಿಟ್ಟುಕೊಳ್ಳಿ

ಸಾಮರ್ಥ್ಯ ಎಂಬುದು ಯಾವಾಗಲೂ ಒಂದು ನಿರ್ದಿಷ್ಟ ಕೆಲಸಕ್ಕೆ ಸಂಬಂಧಿಸಿದ್ದು. ಮನೆಯ ವೈರಿಂಗನ್ನು ಅಚ್ಚುಕಟ್ಟಾಗಿ ಮಾಡುವವರಿಗೆ ಕಾರ್ಖಾನೆಯ ಮೋಟಾರ್ ಪ್ಯಾನೆಲ್ ತಿಳಿದಿರಬೇಕೆಂದಿಲ್ಲ, ಪ್ಯಾನೆಲ್ ಕೆಲಸದಲ್ಲಿ ಪಳಗಿದವರಿಗೆ ಸೌರ ಫಲಕಗಳ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿನ) ವೈರಿಂಗ್ ಗೊತ್ತಿರಬೇಕೆಂದಿಲ್ಲ. ಹೊಸ ಕಟ್ಟಡವೋ, ಹಳೆಯ ವೈರಿಂಗಿನ ಬದಲಾವಣೆಯೋ, ಹೆಚ್ಚುವರಿ ಲೋಡ್ ಸೇರಿಸುವುದೋ ಎಂದು ಬರೆದುಕೊಂಡು, ಬಳಸಲಿರುವ ದೊಡ್ಡ ಉಪಕರಣಗಳನ್ನೂ ಅವುಗಳ ಮೇಲೆ ನಮೂದಾಗಿರುವ ವ್ಯಾಟ್ ಪ್ರಮಾಣವನ್ನೂ ಪಟ್ಟಿ ಮಾಡಿ. ಎಲ್ಲ ಗುತ್ತಿಗೆದಾರರಿಗೂ ಇದೇ ಹಾಳೆಯನ್ನು ಕೊಟ್ಟರೆ ಮಾತ್ರ ಅವರ ಉತ್ತರಗಳನ್ನೂ ದರಪಟ್ಟಿಗಳನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸಬಹುದು.

ಎರಡನೆಯ ಹಂತ: ಪರವಾನಗಿಯನ್ನು ಕೊಟ್ಟವರ ಬಳಿಯೇ ಖಚಿತಪಡಿಸಿಕೊಳ್ಳಿ

ಪರವಾನಗಿ ಅಥವಾ ನೋಂದಣಿ ನೀಡುವ ಅಧಿಕಾರ ಯಾರದು ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಕೆಲವೆಡೆ ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ, ಕೆಲವೆಡೆ ಪರವಾನಗಿ ಮಂಡಳಿ, ಇನ್ನು ಕೆಲವೆಡೆ ಸರ್ಕಾರದ ಮಾನ್ಯತೆ ಪಡೆದ ನೋಂದಣಿ ಸಂಸ್ಥೆಗಳು ಇದನ್ನು ನಿರ್ವಹಿಸುತ್ತವೆ. ಗುತ್ತಿಗೆದಾರರು ತೋರಿಸುವ ಜೆರಾಕ್ಸ್ ಪ್ರತಿಯನ್ನು ನೋಡಿ ಸುಮ್ಮನಾಗದೆ, ಅದರಲ್ಲಿರುವ ಸಂಖ್ಯೆಯನ್ನು ಬರೆದುಕೊಂಡು ಆ ಪ್ರಾಧಿಕಾರದ ದಾಖಲೆಯಲ್ಲಿ ಹುಡುಕಬೇಕು ಅಥವಾ ಕಚೇರಿಯಲ್ಲಿ ವಿಚಾರಿಸಬೇಕು.

ಹೆಸರು ಮತ್ತು ಅವಧಿ ಸರಿಯಿವೆಯೇ ಎಂಬುದರ ಜೊತೆಗೆ ಜನ ಸಾಮಾನ್ಯವಾಗಿ ಮರೆಯುವ ಎರಡು ವಿಷಯಗಳನ್ನೂ ಇಲ್ಲಿ ಗಮನಿಸಬೇಕು. ಪರವಾನಗಿ ಯಾವ ವೋಲ್ಟೇಜ್ ಅಥವಾ ಯಾವ ವರ್ಗದ ಕೆಲಸಕ್ಕೆ ಸಲ್ಲುತ್ತದೆ ಎಂಬುದು ಮೊದಲನೆಯದು. ಅದು ಸಂಸ್ಥೆಯ ಹೆಸರಿನಲ್ಲಿದೆಯೋ, ವ್ಯಕ್ತಿಯ ಹೆಸರಿನಲ್ಲಿದೆಯೋ, ವ್ಯಕ್ತಿಯದಾದರೆ ಆತ ಈಗಲೂ ಆ ಸಂಸ್ಥೆಯಲ್ಲಿ ಇದ್ದಾರೋ ಎಂಬುದು ಎರಡನೆಯದು. ಒಬ್ಬರ ಪರವಾನಗಿಯನ್ನು ಮುಂದಿಟ್ಟು ಇನ್ನೊಬ್ಬರು ಕೆಲಸ ನಡೆಸುವ ಸಂದರ್ಭದಲ್ಲಿ, ಅವಘಡವಾದ ದಿನ ಹೊಣೆ ಹೊರುವವರು ಯಾರೂ ಸಿಗುವುದಿಲ್ಲ.

ಇದೇ ಹಂತದಲ್ಲಿ ಅವರು ಯಾವ ಮಾನದಂಡದ ಪ್ರಕಾರ ಕೆಲಸ ಮಾಡುತ್ತಾರೆಂದು ಕೇಳಿ. ಕಡಿಮೆ ವೋಲ್ಟೇಜಿನ ಅಳವಡಿಕೆಗಳಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಐಇಸಿ 60364 ಇದೆ. ಭಾರತದಲ್ಲಿ ಐಎಸ್ 732, ಬ್ರಿಟನ್ನಿನಲ್ಲಿ ಬಿಎಸ್ 7671, ಅಮೆರಿಕದಲ್ಲಿ ಎನ್‌ಎಫ್‌ಪಿಎ 70, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಎಎಸ್/ಎನ್‌ಜೆಡ್‌ಎಸ್ 3000 ಬಳಕೆಯಲ್ಲಿವೆ. ಸಂಖ್ಯೆಯನ್ನು ಬಾಯಿಪಾಠ ಹೇಳಿದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಆದರೆ ಪ್ರಶ್ನೆಯೇ ಅರ್ಥವಾಗದವರಿಗೆ ಕೆಲಸ ಕೊಡಬಾರದು.

ಮೂರನೆಯ ಹಂತ: ಕೈಯಲ್ಲಿ ಉಪಕರಣ ಹಿಡಿಯುವವರು ಯಾರು?

ಮಾತುಕತೆಗೆ ಬರುವವರು ಒಬ್ಬರು, ಗೋಡೆ ಕೊರೆದು ತಂತಿ ಎಳೆಯುವವರು ಇನ್ನೊಬ್ಬರು. ನಿಮ್ಮ ಕಟ್ಟಡದ ಸುರಕ್ಷತೆ ಆ ಎರಡನೆಯವರ ಕೈಯಲ್ಲಿರುತ್ತದೆ. ಆದ್ದರಿಂದ ಸ್ಥಳದಲ್ಲಿ ಕೆಲಸ ಮಾಡುವವರ ಹೆಸರು, ಅವರ ತರಬೇತಿ ಅಥವಾ ಪರ್ಮಿಟ್ಟಿನ ವಿವರ, ಅವರ ಮೇಲೆ ನಿಗಾ ಇಡುವ ಮೇಲ್ವಿಚಾರಕರ ಅರ್ಹತೆ, ಅವರು ದಿನದಲ್ಲಿ ಎಷ್ಟು ಹೊತ್ತು ಸ್ಥಳದಲ್ಲಿರುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಲಿಯುತ್ತಿರುವ ಸಹಾಯಕರು ತಂಡದಲ್ಲಿರುವುದು ತಪ್ಪಲ್ಲ, ಕಸುಬು ಕಲಿಯುವ ದಾರಿಯೇ ಅದು. ಆದರೆ ಅವರು ಜೋಡಿಸಿದ್ದನ್ನು ಅನುಭವಿಯೊಬ್ಬರು ಒಂದೊಂದಾಗಿ ಪರೀಕ್ಷಿಸುತ್ತಾರೆಯೇ ಎಂಬುದು ಸ್ಪಷ್ಟವಾಗಬೇಕು.

ಕೆಲಸವನ್ನು ಉಪಗುತ್ತಿಗೆಗೆ ಕೊಡುವುದುಂಟೇ ಎಂದೂ ಕೇಳಿ. ಉಂಟು ಎಂದರೆ ಇಲ್ಲಿ ಹೇಳಿರುವ ಪರಿಶೀಲನೆಯನ್ನೆಲ್ಲ ಆ ಉಪಗುತ್ತಿಗೆದಾರರಿಗೂ ಅನ್ವಯಿಸಬೇಕು. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಕೆಲಸ ಬೇರೆಯವರ ಕೈಗೆ ಹೋಗಕೂಡದು. ಹಾಗೆಯೇ ಮೂರನೆಯವರಿಗೆ ಆಗುವ ಹಾನಿಗೂ ಕೆಲಸಗಾರರಿಗೆ ಆಗುವ ಗಾಯಕ್ಕೂ ವಿಮೆ ಇದೆಯೇ, ಅದು ನಿಮ್ಮ ಕೆಲಸ ಮುಗಿಯುವವರೆಗೆ ಚಾಲ್ತಿಯಲ್ಲಿರುತ್ತದೆಯೇ ಎಂದು ಪತ್ರ ನೋಡಿ ತಿಳಿದುಕೊಳ್ಳಿ.

ನಾಲ್ಕನೆಯ ಹಂತ: ಕೇಳಬೇಕಾದ ತಾಂತ್ರಿಕ ಪ್ರಶ್ನೆಗಳು

ಇಡೀ ಪರಿಶೀಲನೆಯಲ್ಲಿ ಹೆಚ್ಚು ಫಲ ಕೊಡುವುದು ಈ ಮಾತುಕತೆ. ನೀವು ತಂತ್ರಜ್ಞರಾಗಿರಬೇಕಿಲ್ಲ. ಕೆಲವೇ ಪ್ರಶ್ನೆಗಳ ಸರಿಯುತ್ತರದ ರೂಪ ಹೇಗಿರುತ್ತದೆ ಎಂದು ಮೊದಲೇ ತಿಳಿದಿದ್ದರೆ ಸಾಕು.

"ಎಂಸಿಬಿ ಪದೇಪದೇ ಬೀಳುತ್ತಿದೆ, ಅದನ್ನು ತೆಗೆದು ದೊಡ್ಡದು ಹಾಕಬಹುದೇ?" ಎಂದು ಕೇಳಿ. ಮಿತಿ ಮೀರಿದ ಕರೆಂಟ್ ಹರಿದಾಗ ತಾನಾಗಿ ಬಿದ್ದು ಪೂರೈಕೆ ಕಡಿಯುವ ಸ್ವಿಚ್ಚಾದ ಎಂಸಿಬಿ ಇರುವುದು ಮುಖ್ಯವಾಗಿ ತಂತಿಯನ್ನು ಕಾಪಾಡಲಿಕ್ಕೆ. ಲೋಡ್ ಎಳೆಯುವ ಕರೆಂಟಿಗಿಂತ ಎಂಸಿಬಿಯ ರೇಟಿಂಗ್ ಕಡಿಮೆ ಇರಬಾರದು, ತಂತಿ ತಾಳಬಲ್ಲ ಕರೆಂಟಿಗಿಂತ ಹೆಚ್ಚಿರಬಾರದು. 16 ಆಂಪಿಯರಿನ ಎಂಸಿಬಿಯನ್ನು ತೆಗೆದು, ತಂತಿಯನ್ನು ಬದಲಿಸದೆ, 32 ಆಂಪಿಯರಿನದನ್ನು ಹಾಕಿದರೆ ಎಂಸಿಬಿ ಬೀಳುವುದು ನಿಲ್ಲುತ್ತದೆ, ತಂತಿ ಗೋಡೆಯೊಳಗೆ ಕಾಯತೊಡಗುತ್ತದೆ. ಬಲ್ಲವರು ಮೊದಲು ಲೋಡ್ ಎಷ್ಟು, ತಂತಿಯ ಗಾತ್ರ ಎಷ್ಟು, ಎಂಸಿಬಿ ಬೀಳುವುದು ಯಾವಾಗ ಎಂದು ತಿರುಗಿ ಕೇಳುತ್ತಾರೆ. "ಅದಕ್ಕೇನು, ಹಾಕಿಬಿಡೋಣ" ಎನ್ನುವವರೊಂದಿಗೆ ಮಾತು ಮುಂದುವರಿಸುವ ಅಗತ್ಯವಿಲ್ಲ.

"ಈ ಉಪಕರಣಕ್ಕೆ ಎಷ್ಟು ದಪ್ಪದ ತಂತಿ ಹಾಕುತ್ತೀರಿ, ಏಕೆ?" ಎಂಬುದು ಎರಡನೆಯ ಪ್ರಶ್ನೆ. ಇಲ್ಲಿ ನೀವು ಗಮನಿಸಬೇಕಾದದ್ದು "ಏಕೆ" ಎಂಬುದಕ್ಕೆ ಬರುವ ಉತ್ತರವನ್ನು. ಕರೆಂಟಿನ ಜೊತೆಗೆ ತಂತಿಯ ಉದ್ದ, ಒಂದೇ ಪೈಪಿನಲ್ಲಿ ಹೋಗುವ ಸರ್ಕ್ಯೂಟುಗಳ ಸಂಖ್ಯೆ, ಸುತ್ತಲಿನ ಉಷ್ಣತೆ ಇವೆಲ್ಲ ಲೆಕ್ಕಕ್ಕೆ ಬರಬೇಕು. ಒಟ್ಟಿಗೆ ತುರುಕಿದ ತಂತಿಗಳ ಬಿಸಿ ಹೊರಹೋಗಲಾರದಾದ್ದರಿಂದ ಅವು ತಾಳುವ ಕರೆಂಟ್ ಕಡಿಮೆಯಾಗುತ್ತದೆ. ಉದ್ದ ಹೆಚ್ಚಿದಂತೆ ವೋಲ್ಟೇಜ್ ಕುಸಿಯುತ್ತದೆ. "ನಾವು ಯಾವಾಗಲೂ ಇದನ್ನೇ ಹಾಕುವುದು" ಎಂಬುದು ಅಭ್ಯಾಸವನ್ನು ಹೇಳುತ್ತದೆ, ಲೆಕ್ಕವನ್ನಲ್ಲ.

"ಆರ್‌ಸಿಸಿಬಿ ಇದ್ದ ಮೇಲೆ ಅರ್ಥಿಂಗ್ ಬೇಕೇ?" ಬೇಕೇ ಬೇಕು. ಆರ್‌ಸಿಸಿಬಿ ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ವಾಪಸು ಬರುತ್ತಿದೆಯೇ ಎಂದು ಹೋಲಿಸಿ, ವ್ಯತ್ಯಾಸ ಕಂಡರೆ ಪೂರೈಕೆ ಕಡಿಯುವ ಸಾಧನ. ಮನುಷ್ಯರ ರಕ್ಷಣೆಗೆ ಸಾಮಾನ್ಯವಾಗಿ 30 ಮಿಲಿಆಂಪಿಯರಿನದನ್ನು ಬಳಸುತ್ತಾರೆ. ಅರ್ಥಿಂಗ್ ಇದ್ದರೆ ಉಪಕರಣದ ಲೋಹದ ಮೈಗೆ ಕರೆಂಟ್ ಸೋರಿದ ಕೂಡಲೇ ಅದು ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯಾರಾದರೂ ಆ ಮೈಯನ್ನು ಮುಟ್ಟಿ, ಅವರ ದೇಹದ ಮೂಲಕ ಕರೆಂಟ್ ನೆಲಕ್ಕೆ ಹರಿದಾಗಲೇ ಬೀಳಬೇಕು. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿ ಸಾಧನದ ಒಳಗಿನ ಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗ್ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಗುಂಡಿ ಒತ್ತಿ ತೋರಿಸಿ "ಅರ್ಥಿಂಗ್ ಚೆನ್ನಾಗಿದೆ" ಎನ್ನುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಎಂದೇ ತಿಳಿಯಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆ: "ಅರ್ಥ್ ರಾಡ್ ನೆಟ್ಟಾಗಿದೆ, ಎಂಸಿಬಿಯೂ ಇದೆ, ಆರ್‌ಸಿಸಿಬಿ ಏಕೆ?" ಒಂದು ಲೆಕ್ಕ ನೋಡಿ. ಸೋರಿದ ಕರೆಂಟ್ ಮಣ್ಣಿನ ಮೂಲಕವೇ ಹಿಂತಿರುಗಬೇಕಾದ ವ್ಯವಸ್ಥೆಯಲ್ಲಿ ಆ ಹಾದಿಯ ಒಟ್ಟು ಪ್ರತಿರೋಧ 20 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿನಲ್ಲಿ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಇಷ್ಟಕ್ಕೆ ಬೀಳುವುದೇ ಇಲ್ಲ. ಉಪಕರಣದ ಮೈ ಅಪಾಯಕರ ವೋಲ್ಟೇಜಿನಲ್ಲೇ ನಿಂತಿರುತ್ತದೆ. ಈ ಲೆಕ್ಕವನ್ನು ಅವರದೇ ಮಾತಿನಲ್ಲಿ ವಿವರಿಸಬಲ್ಲವರಿಗೆ ಅರ್ಥಿಂಗಿನ ಉದ್ದೇಶ ನಿಜವಾಗಿ ತಿಳಿದಿದೆ. ಸಾಕೆಟ್ಟಿನಲ್ಲಿ ಅರ್ಥ್ ಪಿನ್ನಿಗೆ ನ್ಯೂಟ್ರಲನ್ನೇ ಕೊಂಡಿ ಹಾಕಿದರೆ ಸಾಕು ಎನ್ನುವವರನ್ನು ಅಲ್ಲಿಗೇ ಬಿಡಬೇಕು, ಏಕೆಂದರೆ ಆ ನ್ಯೂಟ್ರಲ್ ಹಿಂದೆ ಎಲ್ಲಾದರೂ ಕಡಿದರೆ ಉಪಕರಣದ ಮೈಗೆ ಪೂರ್ತಿ ವೋಲ್ಟೇಜ್ ಬರುತ್ತದೆ.

ಕೊನೆಯದಾಗಿ, "ಕೆಲಸ ಶುರುಮಾಡುವ ಮೊದಲು ಲೈನ್ ಸತ್ತಿದೆ ಎಂದು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ?" ಎಂದು ಕೇಳಿ. ಪೂರೈಕೆ ಕಡಿದು, ಬೇರೆಯವರು ಮತ್ತೆ ಹಾಕದಂತೆ ಬೀಗ ಹಾಕಿ, ಎಚ್ಚರಿಕೆಯ ಫಲಕ ತೂಗುಹಾಕಿ, ವೋಲ್ಟೇಜ್ ಸೂಚಕವನ್ನು ಮೊದಲು ಕರೆಂಟ್ ಇರುವ ಕಡೆ ಪರೀಕ್ಷಿಸಿ, ನಂತರ ಕೆಲಸದ ಜಾಗದಲ್ಲಿ ಫೇಸ್, ನ್ಯೂಟ್ರಲ್, ಅರ್ಥ್‌ಗಳ ನಡುವೆ ನೋಡಿ, ಸೂಚಕ ಕೆಟ್ಟಿಲ್ಲವೆಂದು ಮತ್ತೊಮ್ಮೆ ಕರೆಂಟ್ ಇರುವ ಕಡೆ ಪರೀಕ್ಷಿಸುವುದು ಸರಿಯಾದ ಕ್ರಮ. ನಿಯಾನ್ ದೀಪದ ಟೆಸ್ಟರ್ ಸ್ಕ್ರೂಡ್ರೈವರ್ ಒಂದನ್ನೇ ನಂಬುವುದು ಈ ಕ್ರಮವಲ್ಲ. ಕರೆಂಟ್ ಇದ್ದೂ ಅದು ಬೆಳಗದೆ ಇರಬಹುದು. ತನ್ನ ಜೀವವನ್ನೇ ಕಾಪಾಡಿಕೊಳ್ಳುವ ಈ ಕ್ರಮದಲ್ಲಿ ಉದಾಸೀನ ಮಾಡುವವರು ನಿಮ್ಮ ಸುರಕ್ಷತೆಯ ಬಗ್ಗೆ ಹೆಚ್ಚು ಎಚ್ಚರ ವಹಿಸುತ್ತಾರೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಸೌರ ವಿದ್ಯುತ್ ಅಥವಾ ವಿದ್ಯುತ್ ವಾಹನದ ಚಾರ್ಜರ್ ನಿಮ್ಮ ಕೆಲಸದಲ್ಲಿದ್ದರೆ ಪ್ರಶ್ನೆಗಳು ಬೇರೆಯಾಗುತ್ತವೆ. ಸೌರ ಫಲಕಗಳ ಮೇಲೆ ಬೆಳಕು ಬೀಳುತ್ತಿರುವವರೆಗೆ ಅವುಗಳ ತುದಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಡಿಸಿ ಕರೆಂಟಿನ ಕಿಡಿ ಎಸಿಯದರಷ್ಟು ಸುಲಭವಾಗಿ ಆರುವುದಿಲ್ಲವಾದ್ದರಿಂದ ಡಿಸಿಗೆಂದೇ ತಯಾರಾದ ಐಸೊಲೇಟರ್ (ಪೂರೈಕೆ ಕಡಿಯುವ ಸ್ವಿಚ್) ಬೇಕು. ಚಾರ್ಜರಿನ ವಿಷಯದಲ್ಲಿ ಸೋರಿಕೆಯ ಡಿಸಿ ಅಂಶವನ್ನು ಗುರುತಿಸುವ ಬಿ ಮಾದರಿಯ ಆರ್‌ಸಿಡಿ (ಆರ್‌ಸಿಸಿಬಿಯಂಥ ಸೋರಿಕೆ ರಕ್ಷಕ ಸಾಧನಗಳ ಒಟ್ಟು ಹೆಸರು), ಇಲ್ಲವೇ ಎ ಮಾದರಿಯ ಜೊತೆಗೆ 6 ಮಿಲಿಆಂಪಿಯರ್ ಡಿಸಿಯನ್ನು ಪತ್ತೆಹಚ್ಚುವ ವ್ಯವಸ್ಥೆ ಇರಬೇಕು. ಗಂಟೆಗಟ್ಟಲೆ ಒಂದೇ ಸಮನೆ ಹರಿಯುವ ಲೋಡ್ ಅದು ಎಂಬುದನ್ನೂ ಅವರು ಗಣನೆಗೆ ತೆಗೆದುಕೊಂಡಿರಬೇಕು.

ಐದನೆಯ ಹಂತ: ಸ್ಥಳ ನೋಡಲು ಬಂದಾಗ ಅವರನ್ನು ಗಮನಿಸಿ

ಸ್ಥಳಕ್ಕೆ ಬಾರದೆ, ಫೋನಿನಲ್ಲೇ ದರ ಹೇಳುವವರನ್ನು ಸಣ್ಣ ದುರಸ್ತಿಗಲ್ಲದೆ ಬೇರೆ ಕೆಲಸಕ್ಕೆ ಪರಿಗಣಿಸಬೇಡಿ. ಬಂದವರು ಏನು ಮಾಡುತ್ತಾರೆಂದು ನೋಡಿ. ಡಿಬಿಯ (ಎಂಸಿಬಿಗಳನ್ನು ಕೂರಿಸಿರುವ ವಿತರಣಾ ಪೆಟ್ಟಿಗೆಯ) ಮುಚ್ಚಳ ತೆಗೆಸಿ ಒಳಗಿನ ಜೋಡಣೆ ನೋಡುತ್ತಾರೆಯೇ? ಮೀಟರಿನ ಬಳಿ ಪೂರೈಕೆ ಹೇಗೆ ಬಂದಿದೆ, ಅರ್ಥಿಂಗ್ ಎಲ್ಲಿಂದ ಬಂದಿದೆ ಎಂದು ಹುಡುಕುತ್ತಾರೆಯೇ? ಈಗಿರುವ ಮಂಜೂರಾದ ಲೋಡ್ ಹೊಸ ಬೇಡಿಕೆಗೆ ಸಾಲುತ್ತದೆಯೇ ಎಂದು ಕೇಳುತ್ತಾರೆಯೇ? ಹಳೆಯ ವೈರಿಂಗಿಗೆ ಹೊಸ ಸರ್ಕ್ಯೂಟ್ ಸೇರಿಸಬೇಕಾದಲ್ಲಿ, ಹಳೆಯದರ ಸ್ಥಿತಿಯನ್ನು ಅಳೆಯದೆ ದರ ಹೇಳಲಾರೆ ಎನ್ನುವವರು ನಿಮ್ಮ ಸಮಯ ಹಾಳುಮಾಡುತ್ತಿಲ್ಲ, ತಮ್ಮ ಕಸುಬನ್ನು ಗೌರವಿಸುತ್ತಿದ್ದಾರೆ. ನೀವು ಕೇಳಿದ್ದೆಲ್ಲಕ್ಕೂ ಹೂಂಗುಟ್ಟುವವರಿಗಿಂತ, ಒಂದೆರಡಕ್ಕಾದರೂ ಕಾರಣ ಸಹಿತ "ಇದು ಬೇಡ" ಎನ್ನುವವರನ್ನು ನಾನು ಹೆಚ್ಚು ನಂಬುತ್ತೇನೆ.

ಆರನೆಯ ಹಂತ: ಅಳತೆಯ ಉಪಕರಣಗಳನ್ನು ತೋರಿಸಲು ಹೇಳಿ

ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್, ಅರ್ಥ್ ತಂತಿಯ ಅಖಂಡತೆಯನ್ನು ಅಳೆಯುವ ಮೀಟರ್, ಸೋರಿದ ಕರೆಂಟ್ ಹಿಂತಿರುಗುವ ಪೂರ್ತಿ ಹಾದಿಯ ಪ್ರತಿರೋಧವನ್ನು ಅಳೆಯುವ ಅರ್ಥ್ ಲೂಪ್ ಟೆಸ್ಟರ್, ಆರ್‌ಸಿಡಿ ಟೆಸ್ಟರ್, ತಂತಿಯನ್ನು ಸುತ್ತಿ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇವು ವೈರಿಂಗ್ ಗುತ್ತಿಗೆದಾರರ ಬಳಿ ಇರಲೇಬೇಕಾದವು. ಮೊದಲ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಸೇರಿರುವ ಉಪಕರಣವೂ ದೊರೆಯುತ್ತದೆ. ಅವುಗಳ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆಯ) ಪ್ರಮಾಣಪತ್ರದ ದಿನಾಂಕ ನೋಡಿ. ಅರ್ಥ್ ರಾಡ್ ನೆಡುವ ಕೆಲಸವಿದ್ದರೆ ಅದರ ಪ್ರತಿರೋಧ ಅಳೆಯುವ ಉಪಕರಣವೂ ಬೇಕು. ಮಲ್ಟಿಮೀಟರ್ ಒಂದೇ ಇದೆ ಎಂದರೆ ಈ ಪರೀಕ್ಷೆಗಳಲ್ಲಿ ಬಹುಪಾಲು ನಡೆಯುವುದೇ ಇಲ್ಲ ಎಂದರ್ಥ, ಏಕೆಂದರೆ ಸಾಮಾನ್ಯ ಮಲ್ಟಿಮೀಟರ್ ಇನ್ಸುಲೇಶನ್ನಿನ ಮೇಲೆ 500 ವೋಲ್ಟ್ ಹಾಕಿ ಪರೀಕ್ಷಿಸಲಾರದು.

ಏಳನೆಯ ಹಂತ: ಹಿಂದಿನ ಕೆಲಸದ ಪರೀಕ್ಷಾ ವರದಿಯನ್ನು ಓದಿ

ಹಿಂದೆ ಮಾಡಿದ ಕೆಲಸದ ಫೋಟೊಗಳನ್ನು ಎಲ್ಲರೂ ತೋರಿಸುತ್ತಾರೆ. ನೀವು ಕೇಳಬೇಕಾದದ್ದು ಒಂದು ಪರೀಕ್ಷಾ ವರದಿಯನ್ನು. ಗ್ರಾಹಕರ ಹೆಸರು, ವಿಳಾಸ ಮರೆಮಾಡಿ ಕೊಟ್ಟರೂ ಅಡ್ಡಿಯಿಲ್ಲ. ಅದರಲ್ಲಿ ಪ್ರತಿ ಸರ್ಕ್ಯೂಟಿಗೂ ಒಂದೊಂದು ಸಾಲು ಇರಬೇಕು ಮತ್ತು ಅಂಕಿಗಳು ನಂಬುವಂತಿರಬೇಕು.

230 ವೋಲ್ಟಿನ ಸರ್ಕ್ಯೂಟುಗಳ ಇನ್ಸುಲೇಶನ್ನನ್ನು 500 ವೋಲ್ಟ್ ಡಿಸಿ ಹಾಕಿ ಪರೀಕ್ಷಿಸಿದಾಗ ಐಇಸಿ ಪ್ರಕಾರ ಕನಿಷ್ಠ 1 ಮೆಗಾಓಮ್ ಬರಬೇಕು. ಆದರೆ ಹೊಸ ವೈರಿಂಗಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುವುದು ಸಹಜ. ಒಂದರ ಆಸುಪಾಸಿನಲ್ಲಿ ನಿಂತರೆ ಎಲ್ಲೋ ತೇವವೋ, ತರಚಿದ ಹೊದಿಕೆಯೋ ಇರಬೇಕೆಂದು ಹುಡುಕಬೇಕು. 30 ಮಿಲಿಆಂಪಿಯರಿನ ಸಾಮಾನ್ಯ ಆರ್‌ಸಿಡಿ ಅಷ್ಟೇ ಕರೆಂಟಿಗೆ 300 ಮಿಲಿಸೆಕೆಂಡಿನೊಳಗೆ, ಅದರ ಐದು ಪಟ್ಟಿಗೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕು, ಅರ್ಧ ಕರೆಂಟಿಗೆ ಬೀಳಬಾರದು.

ಅರ್ಥ್ ಲೂಪಿನ ಅಂಕಿಯನ್ನು ಎಂಸಿಬಿಯ ಮಾದರಿಯೊಡನೆ (ಇದು ಆರ್‌ಸಿಡಿಯ ಮಾದರಿಯಲ್ಲ, ಎಂಸಿಬಿ ಎಷ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ ಎಂಬುದರ ಗುರುತು) ಸೇರಿಸಿ ಓದಬೇಕು. ಬಿ ಮಾದರಿಯ 16 ಆಂಪಿಯರಿನ ಎಂಸಿಬಿ ತಕ್ಷಣ ಬೀಳುವುದು ಖಚಿತವಾಗಬೇಕಾದರೆ 80 ಆಂಪಿಯರ್ ಹರಿಯಬೇಕು. ಅಂದರೆ ಲೂಪ್ 2.87 ಓಮ್ ಮೀರುವಂತಿಲ್ಲ. ಅದೇ ಜಾಗದಲ್ಲಿ ಸಿ ಮಾದರಿಯದನ್ನು ಹಾಕಿದರೆ 160 ಆಂಪಿಯರ್ ಬೇಕಾಗಿ ಮಿತಿ ಸುಮಾರು 1.44 ಓಮಿಗೆ ಇಳಿಯುತ್ತದೆ. ತಂತಿ ಬಿಸಿಯಾದಾಗ ಅದರ ಪ್ರತಿರೋಧ ಏರುವುದರಿಂದ ಅಳತೆ ಈ ಮಿತಿಗಿಂತ ಸಾಕಷ್ಟು ಕೆಳಗೇ ಇರಬೇಕು.

ಮೇಜಿನ ಮುಂದೆ ಕೂತು ತುಂಬಿಸಿದ ವರದಿಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಎಲ್ಲ ಸರ್ಕ್ಯೂಟುಗಳಿಗೂ ಒಂದೇ ಲೂಪ್ ಅಂಕಿ, ಒಂದೇ ಆರ್‌ಸಿಡಿ ಸಮಯ ಬರೆದಿದ್ದರೆ ಸಂಶಯಪಡಿ. ತಂತಿಯ ಪ್ರತಿರೋಧ ಅದರ ಉದ್ದವನ್ನು ಅವಲಂಬಿಸಿದ್ದು: 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 7.4 ಮಿಲಿಓಮ್ ಆದ್ದರಿಂದ, 20 ಮೀಟರ್ ದೂರದ ಸಾಕೆಟ್ಟಿಗೆ ಅದೇ ಗಾತ್ರದ ಫೇಸ್ ಮತ್ತು ಅರ್ಥ್ ತಂತಿಗಳೆರಡೂ ಸೇರಿ ಹತ್ತಿರ ಹತ್ತಿರ 0.3 ಓಮ್ ಆಗಬೇಕು. ಈ ಪ್ರತಿರೋಧದ ಅಂಕಣದಲ್ಲಿ ಉದ್ದಕ್ಕೂ ಸೊನ್ನೆಯೇ ಇದ್ದರೆ ಯಾರೂ ಅಳೆದಿಲ್ಲ. ಈ ಒಂದು ಹಾಳೆ ಹತ್ತು ಶಿಫಾರಸು ಪತ್ರಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಗ್ರಾಹಕರನ್ನು ಭೇಟಿಯಾಗುವುದಾದರೆ ಕೆಲಸ ಮುಗಿದು ವರ್ಷವಾದರೂ ಕಳೆದವರನ್ನು ಆರಿಸಿ. "ಚೆನ್ನಾಗಿ ಮಾಡಿದರೇ?" ಎಂಬುದರ ಬದಲು, ಮುಗಿದ ಮೇಲೆ ನಕ್ಷೆ ಮತ್ತು ವರದಿ ಕೊಟ್ಟರೇ, ತೊಂದರೆ ಬಂದಾಗ ಕರೆಗೆ ಓಗೊಟ್ಟರೇ, ಮೊದಲು ಹೇಳಿದವರೇ ಕೆಲಸಕ್ಕೆ ಬಂದರೇ ಎಂದು ಕೇಳಿ. ಅವರು ಒಪ್ಪಿದರೆ ಡಿಬಿಯ ಹೊರಗಿನ ಫಲಕವನ್ನು ನೋಡಿ. ಯಾವ ಎಂಸಿಬಿ ಯಾವ ಕೋಣೆಯದೆಂದು ಓದಬಲ್ಲಂತೆ ಬರೆದಿದ್ದರೆ ಅದು ಒಳ್ಳೆಯ ಲಕ್ಷಣ. ಮುಚ್ಚಳವನ್ನು ಮಾತ್ರ ನೀವೇ ತೆಗೆಯಬೇಡಿ.

ಎಂಟನೆಯ ಹಂತ: ದರಪಟ್ಟಿ ಮತ್ತು ಕರಾರು

ಒಂದೇ ಮೊತ್ತ ಬರೆದ ದರಪಟ್ಟಿಯನ್ನು ಹಿಂದಿರುಗಿಸಿ. ತಂತಿಯ ಗಾತ್ರ ಮತ್ತು ಮಾನದಂಡ, ಸರ್ಕ್ಯೂಟುಗಳ ಸಂಖ್ಯೆ, ಎಂಸಿಬಿ ಮತ್ತು ಆರ್‌ಸಿಸಿಬಿಗಳ ಮಾದರಿ ಹಾಗೂ ರೇಟಿಂಗ್, ಅರ್ಥಿಂಗ್ ಕೆಲಸ, ಪರೀಕ್ಷೆಯ ವೆಚ್ಚ ಬೇರೆಬೇರೆಯಾಗಿ ಇರಬೇಕು. ಉಳಿದವರಿಗಿಂತ ಬಹಳ ಕಡಿಮೆ ದರ ಬಂದಾಗ ಮೊದಲು ಹುಡುಕಬೇಕಾದದ್ದು ಇವುಗಳಲ್ಲಿ ಯಾವುದು ಬಿಟ್ಟುಹೋಗಿದೆ ಎಂಬುದನ್ನು. ಸಾಮಾನ್ಯವಾಗಿ ಬಿಟ್ಟುಹೋಗುವುದು ಅರ್ಥಿಂಗ್ ಅಥವಾ ಪರೀಕ್ಷೆ.

ಕರಾರಿನಲ್ಲಿ ಎರಡು ಷರತ್ತುಗಳನ್ನು ತಪ್ಪದೆ ಸೇರಿಸಿ. ಗೋಡೆಗೆ ಗಾರೆ ಮೆತ್ತುವ ಮೊದಲು ಪೈಪು ಮತ್ತು ತಂತಿಗಳನ್ನು ನಿಮಗೆ ತೋರಿಸಿ, ಫೋಟೊ ತೆಗೆದುಕೊಳ್ಳಲು ಅವಕಾಶ ಕೊಡಬೇಕು. ಜವಾಬ್ದಾರರ ಸಹಿಯಿರುವ ಪರೀಕ್ಷಾ ವರದಿ ಮತ್ತು ವೈರಿಂಗ್ ನಕ್ಷೆ ಕೈಸೇರುವವರೆಗೆ ಕೊನೆಯ ಕಂತು ಪಾವತಿಯಾಗಬಾರದು. ಈ ಷರತ್ತುಗಳಿಗೆ ಅವರು ತೋರುವ ಪ್ರತಿಕ್ರಿಯೆಯೂ ಪರಿಶೀಲನೆಯ ಭಾಗವೇ. ಹೇಗೂ ಪರೀಕ್ಷೆ ಮಾಡುವವರಿಗೆ ಇದರಿಂದ ಹೆಚ್ಚಿನ ಹೊರೆಯಿಲ್ಲ.

ಒಂಬತ್ತನೆಯ ಹಂತ: ಮೊದಲ ದಿನ

ಸಹಿ ಹಾಕಿದಾಗ ಪರಿಶೀಲನೆ ಮುಗಿಯುವುದಿಲ್ಲ. ಕೆಲಸಕ್ಕೆ ಬಂದವರ ಹೆಸರುಗಳನ್ನು ಬರಹದಲ್ಲಿ ಪಡೆದ ಪಟ್ಟಿಯೊಂದಿಗೆ ತಾಳೆ ನೋಡಿ. ತಂದಿರುವ ತಂತಿಯ ಮೇಲೆ ಮುದ್ರಿತವಾಗಿರುವ ಗಾತ್ರ ಮತ್ತು ಮಾನದಂಡದ ಗುರುತು ದರಪಟ್ಟಿಯಲ್ಲಿ ಬರೆದದ್ದೇ ಆಗಿದೆಯೇ ನೋಡಿ. ಅವರು ಪೂರೈಕೆ ಕಡಿಯುವಾಗ ಹತ್ತಿರದಲ್ಲಿರಿ. ಬೀಗ ಹಾಕದೆ, ಸೂಚಕದಿಂದ ಪರೀಕ್ಷಿಸದೆ ತಂತಿಗೆ ಕೈಹಾಕುವುದನ್ನು ಕಂಡರೆ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಸಿ. ಅವರು ಬಂದು ಆ ಕ್ರಮವನ್ನು ಸರಿಪಡಿಸಿದ ಮೇಲೆ ಮಾತ್ರ ಕೆಲಸ ಮುಂದುವರಿಯಲಿ, ಸರಿಪಡಿಸಲು ಒಪ್ಪದಿದ್ದರೆ ಕರಾರನ್ನು ರದ್ದುಪಡಿಸಿ.